ಚೆನ್ನೈ ಸಾಕು, ಇನ್ನು ಯಾವ ಊರು?

ನಿವೃತ್ತಿಯ ವರ್ಷ ಹತ್ತಿರವಾದಂತೆ ಚೆನ್ನೈ ಕನ್ನಡಿಗರ ಮನೆಗಳಲ್ಲಿ ಒಂದೇ ಚರ್ಚೆ. ಮೈಸೂರೋ, ಉಡುಪಿಯೋ, ಕೊಯಮತ್ತೂರೋ, ಇಲ್ಲ ಇದ್ದಲ್ಲೇ ಇರುವುದೋ?

"ಸಾಕಪ್ಪ ಸಾಕು ಈ ಮದ್ರಾಸು!" ಏಪ್ರಿಲ್ ಬಂತೆಂದರೆ ಈ ಮಾತು ಶುರು. ಊರಿನ ಹೆಸರು 1996ರಲ್ಲೇ ಚೆನ್ನೈ ಎಂದಾಯಿತು. ಬೈಯುವಾಗ ಮಾತ್ರ ಇಂದಿಗೂ ಮದ್ರಾಸು. ಬೈಗುಳಕ್ಕೆ ಕಾರಣಗಳೂ ಕಡಿಮೆಯಿಲ್ಲ. 2015ರ ಡಿಸೆಂಬರಿನಲ್ಲಿ ಅಡ್ಯಾರು ನದಿ ಸೈದಾಪೇಟೆ, ಕೋಟ್ಟೂರುಪುರದ ಮನೆಗಳೊಳಕ್ಕೇ ನುಗ್ಗಿತು. ಮರುವರ್ಷ ವಾರ್ದಾ ಚಂಡಮಾರುತ ಬೀದಿಬೀದಿಯ ಮರಗಳನ್ನು ಉರುಳಿಸಿತು. 2019ರ ಬೇಸಿಗೆಯಲ್ಲಿ ಪೂಂಡಿ, ಚೋಳಾವರಂ, ಪುಳಲ್, ಚೆಂಬರಂಬಾಕ್ಕಂ ನಾಲ್ಕೂ ಜಲಾಶಯ ಬತ್ತಿ, ಅರವತ್ತು ದಾಟಿದವರೂ ಬಿಂದಿಗೆ ಹಿಡಿದು ಟ್ಯಾಂಕರ್ ಮುಂದೆ ನಿಂತರು. 2023ರಲ್ಲಿ ಮಿಚಾಂಗ್ ಬಂದು ಮತ್ತೆ ಮುಳುಗಿಸಿತು. ನೆಲಮಹಡಿಯಲ್ಲಿ ವಾಸಿಸುವ ಹಿರಿಯರಿಗೆ ಈಗ ನವೆಂಬರಿನ ಮೋಡ ಕಂಡರೆ ಸಾಕು, ಇನ್ವರ್ಟರ್ ಬ್ಯಾಟರಿ ಎತ್ತರಕ್ಕೇರಿಸುವ, ಮನೆಪತ್ರಗಳ ಚೀಲವನ್ನು ಅಟ್ಟಕ್ಕೆ ಹಾಕುವ ಅಭ್ಯಾಸ.

ಊರು ಬಿಡಲು ಇಷ್ಟು ಕಾರಣ ಸಾಕು. ಆದರೆ ಇನ್ನೊಂದು ಊರಿಗೆ ಹೋಗಲು ಅದಕ್ಕೆ ತನ್ನದೇ ಕಾರಣ ಬೇಕು. ಚರ್ಚೆ ಎಡವುವುದು ಇಲ್ಲೇ.

ಹಿಂದಿನವರಿಗೆ ಈ ಗೊಂದಲ ಇರಲಿಲ್ಲ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದ್ದೇ ಜಿಲ್ಲೆ. ಓದಲು, ಕೋರ್ಟಿನ ಕೆಲಸಕ್ಕೆ, ಹೋಟೆಲಿನಲ್ಲಿ ಲೋಟ ತೊಳೆಯಲು, ಎಲ್ಲದಕ್ಕೂ ಮದ್ರಾಸೇ. ಕಡಂದಲೆಯ ಕೃಷ್ಣರಾಯರು ಹಾಗೆ ಬಂದು ವುಡ್‌ಲ್ಯಾಂಡ್ಸ್ ಕಟ್ಟಿದರು. ಅವರ ಹಿಂದೆ ಬಂದ ಮಾಣಿಗಳು, ಅಡಿಗೆಯವರು, ಕ್ಯಾಷಿಯರುಗಳು ವಯಸ್ಸಾದ ಮೇಲೆ ಮಂಗಳೂರು ಮೇಲ್ ಹತ್ತಿ ಊರಿಗೆ ಹೋದರು. ಅಲ್ಲಿ ಹಿಡಿ ಗದ್ದೆ, ಅಣ್ಣನ ಮನೆ, ಕಾಯುವ ಅತ್ತಿಗೆ ಇದ್ದರು. ಅವರಿಗೆ ನಿವೃತ್ತಿ ಎಂದರೆ ಊರಿಗೆ ಮರಳುವುದು, ಅಷ್ಟೇ.

ಆಮೇಲಿನ ತಲೆಮಾರು ಬ್ಯಾಂಕಿನ ವರ್ಗಾವಣೆಯಲ್ಲಿ, ಪೆರಂಬೂರಿನ ಐಸಿಎಫ್‌ಗೆ, ಎಲ್‌ಐಸಿಗೆ, ಕೊನೆಗೆ ಸಾಫ್ಟ್‌ವೇರಿಗೆ ಬಂದದ್ದು. ಇವರ ಊರಿನ ಮನೆ ಪಾಲಾಗಿದೆ ಇಲ್ಲವೇ ಬೀಗ ಬಿದ್ದಿದೆ. ಮಗ ಟೆಕ್ಸಸ್ಸಿನಲ್ಲಿ, ಮಗಳು ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ. ಹೀಗಾಗಿ ಇವರು ಊರಿಗೆ ಮರಳುತ್ತಿಲ್ಲ, ಹೊಸ ಊರೊಂದನ್ನು ಆರಿಸುತ್ತಿದ್ದಾರೆ. ಎರಡಕ್ಕೂ ಬೇಕಾಗುವ ಲೆಕ್ಕಾಚಾರವೇ ಬೇರೆ.

ಊರು ಯಾರಿಗಾಗಿ?

ಮನೆಯ ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ಯಜಮಾನರು ಮೊಬೈಲಿನಲ್ಲಿ ತೆಂಗಿನ ಮರಗಳ ನಡುವಿನ ಮನೆಯ ಚಿತ್ರ ತೋರಿಸುತ್ತಾರೆ. "ನೋಡೇ, ಬಾವಿ ಕೂಡ ಇದೆ." ಆಕೆ ಕನ್ನಡಕ ಏರಿಸಿಕೊಂಡು ನೋಡಿ ಕೇಳುತ್ತಾರೆ: "ಅಲ್ರೀ, ತರಕಾರಿ ಅಂಗಡಿ ಎಷ್ಟು ದೂರ?"

ಇಡೀ ವಿಷಯದ ತಿರುಳು ಆ ಪ್ರಶ್ನೆಯಲ್ಲಿದೆ. ಊರು ಹುಡುಕುವಾಗ ಇಬ್ಬರ ಕಣ್ಣಿನಿಂದ ನೋಡುತ್ತೇವೆ. ಆ ಊರಿನಲ್ಲಿ ಕೊನೆಯ ಐದೋ ಹತ್ತೋ ವರ್ಷ ಬದುಕುವವರು ಒಬ್ಬರೇ. ಹೆಂಗಸರ ಆಯುಸ್ಸು ಹೆಚ್ಚು, ನಮ್ಮ ಮದುವೆಗಳಲ್ಲಿ ಗಂಡ ಹೇಗೂ ನಾಲ್ಕೈದು ವರ್ಷ ದೊಡ್ಡವ. ಹಾಗಾಗಿ ಉಳಿಯುವವರು ಬಹುಪಾಲು ಹೆಂಡತಿ. ಕಾರು ಓಡಿಸುವವರು ಹೋದ ಮೇಲೆ ಕಾರಿನಲ್ಲಷ್ಟೇ ತಲುಪಬಹುದಾದ ತೋಟದ ಮನೆ ಅವರಿಗೆ ಸೆರೆಮನೆ. ಅಪಶಕುನ ಎಂದು ಯಾರೂ ಇದನ್ನು ಊಟದ ಮೇಜಿನ ಮೇಲೆ ಎತ್ತುವುದಿಲ್ಲ. ಎತ್ತಲೇಬೇಕು.

ಸ್ನೇಹದ ಊರು ಯಾವುದು ಎಂಬ ಪ್ರಶ್ನೆಗೂ ಇದೇ ಅಳತೆ. ಸಣ್ಣ ಊರಿನಲ್ಲಿ ಎಲ್ಲರೂ ಮಾತಾಡಿಸುತ್ತಾರೆ, ನಿಜ. "ಮಗ ಈ ವರ್ಷವೂ ಬರಲಿಲ್ಲವಾ?" ಎಂದು ಹಾಲಿನವನೂ ಕೇಳುತ್ತಾನೆ. ಅದು ಅಕ್ಕರೆಯೂ ಹೌದು, ಕಿರಿಕಿರಿಯೂ ಹೌದು. ಇನ್ನೊಂದು ಕಹಿ ಮಾತು ಹೇಳಿಬಿಡುತ್ತೇನೆ: ಬಾಡಿಗೆ ಮನೆ ಕೇಳಲು ಹೋದರೆ ಹೆಸರಿನ ಹಿಂದೆಯೇ ಜಾತಿಯ ವಿಚಾರಣೆ, "ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಬೋರ್ಡು. ಊರಿನ ಸ್ನೇಹಕ್ಕೆ ಇಂಥ ಬೇಲಿಗಳಿವೆ, ಮೈಸೂರಿನಲ್ಲೂ ಇವೆ, ಮೈಲಾಪುರದಲ್ಲೂ ಇವೆ. ಆದ್ದರಿಂದ ಜನ ನಗುತ್ತಾರೋ ಇಲ್ಲವೋ ಎಂದು ನೋಡುವುದಕ್ಕಿಂತ, ಅರವತ್ತೆರಡರ ಹೆಂಗಸೊಬ್ಬರು ಗಂಡನ ಜತೆಯಿಲ್ಲದೆ, ಯಾರ ಪರಿಚಯಪತ್ರವೂ ಇಲ್ಲದೆ ಹೋಗಿ ಕೂರಬಹುದಾದ ಜಾಗ ಆ ಊರಿನಲ್ಲಿದೆಯೇ ಎಂದು ನೋಡಿ. ಮಹಿಳಾ ಸಮಾಜವೋ, ಭಜನಾ ಮಂಡಳಿಯೋ, ಗಮಕದ ತರಗತಿಯೋ, ಗ್ರಂಥಾಲಯವೋ, ಸಂಜೆಯ ಪಾರ್ಕಿನ ಕಲ್ಲುಬೆಂಚೋ, ಯಾವುದಾದರೂ ಸರಿ.

ಮೈಸೂರು: ಸುಲಭದ ಉತ್ತರ

ಚೆನ್ನೈ ಕನ್ನಡಿಗರನ್ನು ಕೇಳಿದರೆ ಮೊದಲು ಬರುವ ಹೆಸರು ಮೈಸೂರು. ರಾತ್ರಿ ಸೆಂಟ್ರಲ್ಲಿನಲ್ಲಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಿಗ್ಗೆ ಮೈಸೂರು. 2022ರ ನವೆಂಬರಿನಲ್ಲಿ ದಕ್ಷಿಣದ ಮೊದಲ ವಂದೇ ಭಾರತ್ ಇದೇ ಹಾದಿಯಲ್ಲಿ ಓಡಿತು. ಸುಮಾರು 500 ಕಿ.ಮೀ., ಆರೂವರೆ ಗಂಟೆಯ ಆಸುಪಾಸು. ಹಗಲಲ್ಲೇ ಹೋಗಿ ಬೀಳಬಹುದು. ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್, ಹೃದಯಕ್ಕೆ ಜಯದೇವದ ಶಾಖೆ, ಎಲ್ಲವೂ ಆಟೋ ದೂರದಲ್ಲಿ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ಆರೂವರೆಗೆ ಹೋದರೆ ಮಂಕಿಕ್ಯಾಪು, ವಾಕಿಂಗ್ ಸ್ಟಿಕ್ಕು, ಡಿಎ ಬಾಕಿಯ ಲೆಕ್ಕ, ಮೂರೂ ಸಿಗುತ್ತವೆ.

ಮದ್ರಾಸಿನ ಕನ್ನಡ ಓದುಗರಿಗೆ ಬಿ.ಜಿ.ಎಲ್. ಸ್ವಾಮಿ ನೆನಪಾಗದೆ ಇರರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎರಡು ದಶಕಕ್ಕೂ ಹೆಚ್ಚು ಸಸ್ಯಶಾಸ್ತ್ರ ಕಲಿಸಿ, ನಿವೃತ್ತರಾದ ಮೇಲೆ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಬಂದರು. 1980ರಲ್ಲಿ ತೀರಿಕೊಂಡರು. ಆರ್.ಕೆ. ನಾರಾಯಣರದು ತದ್ವಿರುದ್ಧ ದಾರಿ. ಹುಟ್ಟಿದ್ದು ಮದ್ರಾಸು, ಬಾಳಿ ಬರೆದದ್ದು ಮೈಸೂರು, ಇಳಿವಯಸ್ಸಿನಲ್ಲಿ ಯಾದವಗಿರಿಯ ಮನೆ ಬಿಟ್ಟು ಸೇರಿದ್ದು ಮತ್ತೆ ಚೆನ್ನೈ. 2001ರಲ್ಲಿ ಅಲ್ಲೇ ಕಣ್ಮುಚ್ಚಿದರು. ಅವರ ಯಾದವಗಿರಿ ಮನೆ ಈಗ ವಸ್ತುಸಂಗ್ರಹಾಲಯ. ಅಷ್ಟು ಚಂದದ ಊರಿನಲ್ಲಿ ಅಷ್ಟು ಚಂದದ ಮನೆ ಕಟ್ಟಿಸಿಕೊಂಡವರೇ ಹೊರಟು ಬಂದರೆಂಬುದನ್ನು ಮೈಸೂರಿಗೆ ಮನೆ ಹುಡುಕುವವರು ಒಮ್ಮೆ ಯೋಚಿಸಬೇಕು.

ಅಂದಹಾಗೆ ಮೈಸೂರು ಸಣ್ಣ ಊರೇನಲ್ಲ. 2011ರ ಜನಗಣತಿಯಲ್ಲೇ ಒಂಬತ್ತು ಲಕ್ಷದ ಹತ್ತಿರವಿತ್ತು; ರಿಂಗ್ ರಸ್ತೆಯ ಆಚೆ ಬಡಾವಣೆಗಳು ಬೆಳೆಯುತ್ತಲೇ ಇವೆ. ಅಗ್ಗಕ್ಕೆ ಸಿಗುವುದೂ ಅಲ್ಲೇ. ಸುತ್ತ ಖಾಲಿ ಸೈಟು, ರಾತ್ರಿ ನಾಯಿಗಳ ಗುಂಪು, ಬಸ್ಸಿಗೆ ಒಂದು ಕಿ.ಮೀ. ನಡಿಗೆ. ಅಲ್ಲಿನ ದೊಡ್ಡ ಮನೆಗಿಂತ ಸರಸ್ವತಿಪುರದ ಎರಡು ಕೋಣೆಯ ಮನೆ ಮೇಲು ಎಂಬುದು ನನ್ನ ಅಭಿಪ್ರಾಯ. ಇನ್ನೂ ಸಣ್ಣದೇ ಬೇಕೆನ್ನುವವರಿಗೆ ನಂಜನಗೂಡು ಇದೆ. ದೊಡ್ಡಾಸ್ಪತ್ರೆಗೆ ಮೈಸೂರು ಅರ್ಧ ಮುಕ್ಕಾಲು ಗಂಟೆ.

ಉಡುಪಿಯ ಜುಲೈ

ಉಡುಪಿಯನ್ನು ಎಲ್ಲರೂ ಡಿಸೆಂಬರಿನಲ್ಲಿ ನೋಡಿ ಮರುಳಾಗುತ್ತಾರೆ. ರಥಬೀದಿಯಲ್ಲಿ ಉತ್ಸವ, ಒಂದು ಕಡೆ ಯಕ್ಷಗಾನದ ಚೆಂಡೆ, ಮಲ್ಪೆಯ ಗಾಳಿ. ಐದಾರು ಕಿ.ಮೀ. ದೂರದಲ್ಲಿ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ. ಒಂದೂವರೆ ಲಕ್ಷದೊಳಗಿನ ಊರಿಗೆ ಇಂಥ ಆಸ್ಪತ್ರೆ ಇರುವುದು ನಮ್ಮ ದೇಶದಲ್ಲಿ ಅಪರೂಪ. ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ ಪುತ್ತೂರು ಬಿಟ್ಟು, ಎಪ್ಪತ್ತರ ಆಸುಪಾಸಿನಲ್ಲಿ ಹುಟ್ಟೂರು ಕೋಟದ ಪಕ್ಕದ ಸಾಲಿಗ್ರಾಮಕ್ಕೆ ಬಂದು ನೆಲೆಸಿದರು. ತೊಂಬತ್ತು ದಾಟಿಯೂ ಬರೆದರು. 1997ರಲ್ಲಿ ಕೊನೆಯುಸಿರೆಳೆದದ್ದು ಮಣಿಪಾಲದಲ್ಲಿ.

ನೀವು ಹೋಗಿ ನೋಡಬೇಕಾದದ್ದು ಜುಲೈಯಲ್ಲಿ. ಚೆನ್ನೈಗೆ ವರ್ಷಕ್ಕೆ ಸುಮಾರು 1400 ಮಿ.ಮೀ. ಮಳೆ, ಉಡುಪಿಗೆ 4000 ಮಿ.ಮೀ.ಗೆ ಹೆಚ್ಚುಕಡಿಮೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಕರೆಂಟು ಹೋದರೆ ಬಂದಾಗ ಬಂತು. ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ಅಂಗಳದ ಪಾಚಿ. ಹಸಿರು ವೆಲ್ವೆಟ್ಟಿನಂತೆ ಕಾಣುವ ಅದರ ಮೇಲೆ ಕಾಲಿಟ್ಟರೆ ಸೊಂಟದ ಮೂಳೆ ಹೋಯಿತೆಂದೇ ಲೆಕ್ಕ. ಊರಿನವರು ಬಾಗಿಲಿನಿಂದ ಗೇಟಿನವರೆಗೆ ಸೋಗೆ ಹಾಸುತ್ತಾರೆ, ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸುತ್ತಾರೆ. ತಿಕ್ಕುವ ಆಳು ಸಿಗಬೇಕಲ್ಲ, ಅದು ಬೇರೆ ಕಥೆ. ಮದ್ರಾಸಿನ ಒಣ ಸಿಮೆಂಟು ಮೆಟ್ಟಿಲಿಗೆ ಒಗ್ಗಿದ ಕಾಲು ಇದನ್ನು ಅರುವತ್ತರಲ್ಲಿ ಕಲಿಯಬಹುದು, ಎಪ್ಪತ್ತೈದರಲ್ಲಿ ಕಷ್ಟ. ಕರಾವಳಿಯೇ ಬೇಕು ಎನ್ನುವವರಿಗೆ ಅಂಗಳದ ಮನೆಯ ಮೋಹ ಬಿಟ್ಟು, ಲಿಫ್ಟ್ ಇರುವ, ಜನರೇಟರ್ ಇರುವ ಫ್ಲ್ಯಾಟನ್ನು ಊರ ಮಧ್ಯದಲ್ಲೇ ಹುಡುಕಿ ಎನ್ನುತ್ತೇನೆ.

ಬಸ್ಸಿನ ಮಾತೂ ಇದೆ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಆದರೆ ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸವಿರಬೇಕು, ಟಿ. ನಗರದ ಆಧಾರ್ ತೋರಿಸಿದರೆ ಕಂಡಕ್ಟರ್ ಟಿಕೆಟ್ ಹರಿಯುತ್ತಾನೆ. ಅಲ್ಲದೆ ಉಡುಪಿ, ಮಂಗಳೂರು ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಮೆಟ್ಟಿಲು ಎತ್ತರ, ಡ್ರೈವರಿಗೆ ಅವಸರ.

ಗಂಟೆ ಒತ್ತಿದರೆ ಬರುವ ಊರು

ನಲವತ್ತು ವರ್ಷ ತಮಿಳಿನಲ್ಲೇ ವ್ಯಾಪಾರ, ಜಗಳ, ಸ್ನೇಹ ಮಾಡಿದ ಗೃಹಿಣಿಗೆ ಕರ್ನಾಟಕವೇ ಆಗಬೇಕೆಂದೇನೂ ಇಲ್ಲ. ಕೊಯಮತ್ತೂರಿನ ಸುತ್ತಮುತ್ತ ಹಿರಿಯರಿಗಾಗಿಯೇ ಕಟ್ಟಿದ ವಸತಿಗಳು ಬಹಳ. ಹವೆ ತಂಪು, ಸಿರುವಾಣಿಯ ನೀರು ಸಿಹಿ, ದೇವಾಂಗ ಚೆಟ್ಟಿಯಾರರ ಮನೆಗಳಲ್ಲಿ ಇಂದಿಗೂ ಕನ್ನಡದ ಮಾತು. ಆ ವಸತಿಗಳ ಬಚ್ಚಲಲ್ಲಿ ಹಿಡಿಕೆ, ಮಂಚದ ಪಕ್ಕ ಕರೆಗಂಟೆ, ಎಲ್ಲರಿಗೂ ಒಂದೇ ಊಟದ ಮನೆ, ಆವರಣದಲ್ಲೇ ನರ್ಸು. ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ಇಂಥ ನಿವೃತ್ತಿ ವಸತಿಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಆದರೆ ಮಾದರಿ ಎಂದರೆ ಮಾದರಿಯೇ, ನಿಮ್ಮನ್ನು ಕಾಯುವುದು ನೀವು ಸಹಿ ಹಾಕುವ ಕರಾರು.

ಬಣ್ಣದ ಕರಪತ್ರದಲ್ಲಿ ಇಲ್ಲದ್ದನ್ನು ಕೇಳಿ. ಒಬ್ಬರು ತೀರಿಕೊಂಡರೆ ತಿಂಗಳ ಶುಲ್ಕ ಅರ್ಧವಾಗುತ್ತದೆಯೇ, ಅಷ್ಟೇ ಇರುತ್ತದೆಯೇ? ಮರೆವಿನ ಕಾಯಿಲೆ ಬಂದರೆ, ಹಾಸಿಗೆ ಹಿಡಿದರೆ ಅಲ್ಲೇ ಇರಬಹುದೇ? "ಸ್ವತಂತ್ರವಾಗಿ ಓಡಾಡುವವರಿಗೆ ಮಾತ್ರ" ಎಂಬ ಸಾಲು ಕರಾರಿನ ಯಾವ ಪುಟದಲ್ಲಿ ಅಡಗಿದೆ? ಮನೆ ನಿಮ್ಮ ಹೆಸರಿಗೆ ನೋಂದಣಿಯೋ, ಬರೀ ಠೇವಣಿಯ ಮೇಲಿನ ವಾಸವೋ? ಈ ಪ್ರಶ್ನೆಗಳಿಗೆ ಕಾಫಿ ಕೊಟ್ಟು ಮಾತು ಬದಲಿಸುವವರ ಹತ್ತಿರ ಮನೆ ಕೊಳ್ಳಬೇಡಿ.

ಹೊಸೂರಿನ ಹೆಸರೂ ಕೇಳಿಬರುತ್ತದೆ. ಬೆಂಗಳೂರಿನ ಮಕ್ಕಳಿಗೆ 40 ಕಿ.ಮೀ., ಕನ್ನಡ ತಮಿಳು ತೆಲುಗು ಮೂರೂ ನಡೆಯುತ್ತದೆ. ಕಾರ್ಖಾನೆಗಳ ಊರು, ಅದರಾಚೆ ಹೇಳುವಂಥದ್ದೇನಿಲ್ಲ.

ಹೋಗದೆ ಇರುವುದೂ ಒಂದು ಆಯ್ಕೆ

ಚೆನ್ನೈ ಬಿಡುವಾಗ ಏನನ್ನು ಬಿಡುತ್ತಿದ್ದೇವೆ ಎಂಬುದನ್ನೂ ಎಣಿಸಬೇಕು. 1978ರಲ್ಲೇ ಮದ್ರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ಡಾ. ವಿ.ಎಸ್. ನಟರಾಜನ್ ಹಿರಿಯರಿಗಾಗಿಯೇ ಹೊರರೋಗಿ ವಿಭಾಗ ಆರಂಭಿಸಿದರು. 1996ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ವೃದ್ಧಾಪ್ಯ ವೈದ್ಯಕ್ಕೆ ಎಂ.ಡಿ. ಪದವಿ ಬಂತು. 2024ರಲ್ಲಿ ಗಿಂಡಿಯಲ್ಲಿ 200 ಹಾಸಿಗೆಗಳ ರಾಷ್ಟ್ರೀಯ ವೃದ್ಧಾಪ್ಯ ಆರೋಗ್ಯ ಕೇಂದ್ರ ತೆರೆಯಿತು. ಅರವತ್ತು ದಾಟಿದವರಿಗೆ ನಗರದ ಬಸ್ಸಿನಲ್ಲಿ ತಿಂಗಳಿಗೆ 10 ಉಚಿತ ಟೋಕನ್ ಇದೆ. ಪಶ್ಚಿಮ ಮಾಂಬಳವನ್ನೋ ನಂಗನಲ್ಲೂರನ್ನೋ ನೋಡಿ: ಹೂವು, ತರಕಾರಿ, ಗುಡಿ, ಮೆಡಿಕಲ್ ಶಾಪು, ಮಧ್ಯಾಹ್ನದೂಟ ಮನೆಗೆ ಕಳಿಸುವ ಮೆಸ್ಸು, ಎಲ್ಲ ಹತ್ತು ನಿಮಿಷದ ನಡಿಗೆಯೊಳಗೆ. ಹುಡುಕುತ್ತಿರುವ ಸಣ್ಣ ಊರು ಕೆಲವರಿಗೆ ಇಲ್ಲೇ ಸಿಕ್ಕೀತು. ನೀರು ನುಗ್ಗುವ ಬೀದಿಯ ನೆಲಮಹಡಿ ಬಿಟ್ಟು ಎರಡನೇ ಮಹಡಿಗೆ ಹೋದರೂ ಅದೊಂದು ಸ್ಥಳಾಂತರವೇ.

ಹೊರಡುವುದೇ ಖಚಿತವಾದರೆ ದುಡ್ಡಿನ ವಿಷಯದಲ್ಲಿ ಅವಸರ ಬೇಡ. ಚೆನ್ನೈ ಫ್ಲ್ಯಾಟ್ ಮಾರಿದ ಲಾಭದ ತೆರಿಗೆ ಉಳಿಸಲು ಕೂಡಲೇ ಮನೆ ಕೊಳ್ಳಬೇಕೆಂದು ದಲ್ಲಾಳಿಗಳು ಹೆದರಿಸುತ್ತಾರೆ. ಕಾನೂನು ಕೊಳ್ಳಲು ಎರಡು ವರ್ಷ, ಕಟ್ಟಿಸಲು ಮೂರು ವರ್ಷ ಕೊಟ್ಟಿದೆ. ಅಲ್ಲಿಯವರೆಗೆ ಹಣವನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿಡಬಹುದು. ಹಿರಿಯ ನಾಗರಿಕರ ಉಳಿತಾಯ ಖಾತೆ ಹೊಸ ಊರಿನ ಅಂಚೆ ಕಚೇರಿಗೆ ವರ್ಗವಾಗುತ್ತದೆ. ನವೆಂಬರಿನ ಜೀವಂತ ಪ್ರಮಾಣಪತ್ರ ಮೊಬೈಲಿಗೆ ಮುಖ ತೋರಿಸಿದರೆ ಮುಗಿಯಿತು. ಎಪ್ಪತ್ತು ದಾಟಿದವರಿಗೆ 2024ರ ಅಕ್ಟೋಬರಿನಿಂದ ಆಯುಷ್ಮಾನ್ ಯೋಜನೆಯಲ್ಲಿ 5 ಲಕ್ಷ ರೂಪಾಯಿಯ ರಕ್ಷಣೆ ಇದೆ. ಹೋಗುವ ಊರಿನ ಯಾವ ಆಸ್ಪತ್ರೆ ಆ ಪಟ್ಟಿಯಲ್ಲಿದೆ ಎಂದು ಮೊದಲೇ ವಿಚಾರಿಸಿ. ರೈಲಿನ ಹಿರಿಯರ ರಿಯಾಯಿತಿ ಮಾತ್ರ 2020ರ ಮಾರ್ಚಿನಲ್ಲಿ ನಿಂತದ್ದು ಮರಳಿ ಬಂದಿಲ್ಲ. ಮೊಮ್ಮಕ್ಕಳನ್ನು ನೋಡಲು ಪೂರ್ತಿ ಟಿಕೆಟ್.

ಮನೆಗೆ ಅಡ್ವಾನ್ಸ್ ಕೊಡುವ ಮೊದಲು ಆ ಊರಿನಲ್ಲಿ ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡಿ. ಗಂಡಸರಲ್ಲಿ ಇನ್ನೊಂದು ವಿನಂತಿ: ಅದರಲ್ಲಿ ಎರಡು ವಾರ ನೀವು ಚೆನ್ನೈಗೆ ವಾಪಸ್ ಬನ್ನಿ, ಮನೆಯವರು ಅಲ್ಲಿ ಒಬ್ಬರೇ ಇರಲಿ. ಗ್ಯಾಸ್ ಬುಕ್ ಮಾಡಲಿ, ಬ್ಯಾಂಕಿಗೆ ಹೋಗಲಿ, ಜ್ವರದ ಮಾತ್ರೆ ತರಲಿ. ಆಮೇಲೆ ಅವರು ಬೇಡ ಎಂದರೆ ಆ ಊರು ಬೇಡ. ಸರಿ ಎಂದರೆ ಮನೆಯನ್ನು ಇಬ್ಬರ ಹೆಸರಿಗೂ ನೋಂದಣಿ ಮಾಡಿಸಿ.