ಬಾಲಕನ ಮನವನ್ನರಿಯುವ ವಿದ್ಯೆ

ಸಂಡೂರು ಸೀಮೆಯ ಬಂಡ್ರಿಯಂತಹ ಊರುಗಳಲ್ಲಿ ಶಾಲಾಬಾಲಕನ ಮನೋವ್ಯಥೆಯನ್ನು ಮೊದಲು ಕಾಣತಕ್ಕವನು ಉಪಾಧ್ಯಾಯನೇ ಅಷ್ಟೆ. ನಾವು ಪಾಠ ಹೇಳುತ್ತಿದ್ದ ಕಾಲದಲ್ಲಿ, ಕಂಠಪಾಠವನ್ನು ತಪ್ಪಿಲ್ಲದೆ ಒಪ್ಪಿಸಿ, ಪುಸ್ತಕ ತೆರೆದೊಡನೆ ಮೂಕನಾಗುತ್ತಿದ್ದ ಹುಡುಗನೊಬ್ಬನನ್ನು ಸೋಮಾರಿಯೆಂದು ದಂಡಿಸಿದೆವು. ಬುದ್ಧಿಯಿದ್ದೂ ಓದು ಹತ್ತದಿರುವ ಡಿಸ್ಲೆಕ್ಸಿಯಾ ಎಂಬ ನ್ಯೂನತೆಯುಂಟೆಂದು ನಾವು ತಿಳಿದದ್ದು ಬಹುಕಾಲದ ಮೇಲೆ. ವ್ಯಾಕರಣವನ್ನು ಬಲ್ಲವರಾಗಿದ್ದೆವು, ಬಾಲಕನನ್ನು ಬಲ್ಲವರಾಗಿರಲಿಲ್ಲ.

ಇಂದಿನ ಉಪಾಧ್ಯಾಯರಿಗೆ ಈ ವಿದ್ಯೆ ದುರ್ಲಭವಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವು 1924ರಲ್ಲಿಯೇ ಆರಂಭವಾಯಿತು. ಅದೇ ನಗರದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು, ಎನ್.ಸಿ.ಇ.ಆರ್.ಟಿ. ಏರ್ಪಡಿಸಿರುವ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆಯ ಡಿಪ್ಲೊಮಾ ಶಿಕ್ಷಣಕ್ಕೆ ಒಂದು ಕೇಂದ್ರವಾಗಿದೆ. ಒಂದು ವರ್ಷದ ಈ ವ್ಯಾಸಂಗವನ್ನು ದೂರಶಿಕ್ಷಣ, ಸಮ್ಮುಖಪಾಠ, ಸ್ವಸ್ಥಳದಲ್ಲಿ ಅಭ್ಯಾಸ ಎಂದು ವಿಭಾಗಿಸಿರುವುದರಿಂದ ಹಳ್ಳಿಯ ಉಪಾಧ್ಯಾಯನು ವರ್ಷವೆಲ್ಲ ಊರು ಬಿಟ್ಟಿರಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಜೀವನಕೌಶಲಗಳನ್ನು ಬೋಧಿಸಲು ಉಪಾಧ್ಯಾಯರಿಗಾಗಿ ಕೈಪಿಡಿಗಳನ್ನು ರಚಿಸಿರುವುದು.

ಇಷ್ಟರಿಂದಲೇ ಉಪಾಧ್ಯಾಯನು ವೈದ್ಯನಾಗಲಾರನು, ನಿಜ. ಆದರೆ ತನ್ನ ಕೈಮೀರಿದ್ದು ಯಾವುದೆಂದು ಅರಿತು, ಮಗುವನ್ನು ಸಕಾಲದಲ್ಲಿ ತಜ್ಞರೆಡೆಗೆ ಕಳುಹಿಸಬಲ್ಲನು. ಆದಕಾರಣ ಗೃಹಸ್ಥರಾದ ವಾಚಕರು ಶಾಲೆಯ ಸಭೆಗೆ ಹೋದಾಗ ಮಕ್ಕಳ ಅಂಕಗಳನ್ನು ವಿಚಾರಿಸುವುದರೊಡನೆ, "ನಮ್ಮ ಉಪಾಧ್ಯಾಯರಲ್ಲಿ ಯಾರಿಗೆ ಈ ಶಿಕ್ಷಣವಾಗಿದೆ?" ಎಂದೂ ವಿಚಾರಿಸಬೇಕೆಂದು ನಮ್ಮ ಪ್ರಾರ್ಥನೆ. ಆ ಪ್ರಶ್ನೆಯನ್ನು ಅಂದು ಯಾರಾದರೂ ನಮ್ಮನ್ನು ಕೇಳಿದ್ದರೆ, ಆ ಹುಡುಗನು ಬೆತ್ತದ ಪೆಟ್ಟಿನಿಂದ ಪಾರಾಗುತ್ತಿದ್ದನು.