ಧೂಮಪಾನವೂ ರಕ್ತಸಂಚಾರವೂ



ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಹಮ್ಮಿಗಿ ಎಂಬ ಗ್ರಾಮವಿದೆ. ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಹೊಳೆಗೆ ಅಡ್ಡಲಾಗಿ ನಿಂತಿರುವುದು ಇಲ್ಲಿಯೇ. ನೀರಾವರಿಯ ಸೀಮೆಯಲ್ಲಿ ನಾಲ್ಕು ಬೆಳೆ ಕಂಡ ರೈತನಿಗೆ ಯಾರೂ ಕಲಿಸದೆ ತಿಳಿದಿರುವ ಸಂಗತಿಯೊಂದುಂಟು. ಕಾಲುವೆಯಲ್ಲಿ ಹೂಳು ತುಂಬಿ ಹರಿವು ಕ್ಷೀಣಿಸಿದರೆ ಮೊದಲು ಒಣಗುವುದು ತೂಬಿನ ಬಳಿಯ ಹೊಲವಲ್ಲ, ಕಟ್ಟಕಡೆಯ ಹೊಲ. ಹೊಳೆಯಲ್ಲಿ ನೀರು ತುಂಬಿ ತುಳುಕುತ್ತಿದ್ದರೂ ಆ ಕೊನೆಯ ಹೊಲದ ಪೈರು ಬಾಡಿ ನಿಲ್ಲುತ್ತದೆ. ಈ ದಿನ ನಾನು ಹೇಳಬೇಕೆಂದಿರುವ ವಿಷಯದ ಅರ್ಧ ಭಾಗ ಈ ಒಂದು ಮಾತಿನಲ್ಲಿಯೇ ಅಡಗಿದೆ. ನಮ್ಮ ದೇಹದಲ್ಲಿ ಹೃದಯವು ತೂಬು, ಧಮನಿಗಳು ಕಾಲುವೆಗಳು, ಕಾಲಿನ ಬೆರಳುಗಳು ಕಟ್ಟಕಡೆಯ ಹೊಲ.

ಮೊದಲು ಹೊಗೆಯ ವಿಚಾರ. ಹೊತ್ತಿದ ಹೊಗೆಸೊಪ್ಪಿನಿಂದ ಸಾವಿರಾರು ಬಗೆಯ ದ್ರವ್ಯಗಳು ಹೊರಡುತ್ತವೆಯಾದರೂ ರಕ್ತದ ಮಟ್ಟಿಗೆ ಎರಡನ್ನು ಮುಖ್ಯವಾಗಿ ಗಮನಿಸಬೇಕು. ಒಂದು ನಿಕೋಟಿನ್, ಮತ್ತೊಂದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು. ಒಳಗೆಳೆದ ಹೊಗೆಯಲ್ಲಿನ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಸೂಜಿಯಿಂದ ತೋಳಿನ ರಕ್ತನಾಳಕ್ಕೆ ಕೊಟ್ಟ ಔಷಧವೂ ಅಷ್ಟು ಬೇಗ ಅಲ್ಲಿಗೆ ಸೇರುವುದಿಲ್ಲ. ಮನಸ್ಸಿಗೆ ಒಂದು ಬಗೆಯ ಹುರುಪು ಬಂದಂತೆ ತೋರುವುದು ಅದರಿಂದಲೇ. ಆದರೆ ಅದೇ ಸಮಯದಲ್ಲಿ ನಾಡಿಯ ಬಡಿತ ನಿಮಿಷಕ್ಕೆ ಹತ್ತು ಹದಿನೈದರಷ್ಟು ಏರುತ್ತದೆ, ರಕ್ತದ ಒತ್ತಡ ಹೆಚ್ಚುತ್ತದೆ, ಚರ್ಮದ ಮತ್ತು ಕೈಕಾಲುಗಳ ಕಿರುಧಮನಿಗಳು ಸಂಕೋಚಗೊಳ್ಳುತ್ತವೆ. ಸಿಗರೇಟು ಸೇದಿದವನ ಬೆರಳ ತುದಿ ತಣ್ಣಗಾಗುವುದನ್ನು ಯಾರು ಬೇಕಾದರೂ ಮುಟ್ಟಿ ನೋಡಬಹುದು.

ಇನ್ನು ಆ ವಿಷವಾಯು. ರಕ್ತದಲ್ಲಿ ಪ್ರಾಣವಾಯುವನ್ನು ಹೊತ್ತೊಯ್ಯುವ ಹೀಮೋಗ್ಲೋಬಿನ್ ಎಂಬ ಕೆಂಪು ದ್ರವ್ಯಕ್ಕೆ ಪ್ರಾಣವಾಯುವಿಗಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಒಲವು ಕಾರ್ಬನ್ ಮಾನಾಕ್ಸೈಡಿನ ಮೇಲೆ. ಬಂಡಿಯಲ್ಲಿ ಒಮ್ಮೆ ಏರಿ ಕುಳಿತ ಈ ಅತಿಥಿ ಬೇಗನೆ ಇಳಿಯುವುದೂ ಇಲ್ಲ. ಅರ್ಧದಷ್ಟು ಇಳಿಯುವುದಕ್ಕೇ ನಾಲ್ಕೈದು ಗಂಟೆ ಬೇಕು. ಅಷ್ಟರಲ್ಲಿ ಮತ್ತೊಂದು ಸಿಗರೇಟು ಹೊತ್ತಿರುತ್ತದೆ. ಹೀಗೆ ದಿನವೆಲ್ಲ ಸೇದುವವನ ರಕ್ತದಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಬಂಡಿಗಳು ಪ್ರಾಣವಾಯುವನ್ನು ಹೊರದೆ ಸುಮ್ಮನೆ ತಿರುಗುತ್ತಿರುತ್ತವೆ. ಹೃದಯಕ್ಕೆ ಕೆಲಸ ಹೆಚ್ಚಿತು, ಆಹಾರ ಕಡಿಮೆಯಾಯಿತು. ಯಾವ ಯಜಮಾನನೂ ತನ್ನ ಎತ್ತನ್ನು ಹೀಗೆ ನಡೆಸಿಕೊಳ್ಳಲಾರ.

ಈ ಎರಡೂ ತಾತ್ಕಾಲಿಕವಾದುವು. ಬಹುಕಾಲ ನಿಲ್ಲುವ ಹಾನಿ ಧಮನಿಯ ಒಳಗೋಡೆಗೆ ಆಗುತ್ತದೆ. ಈ ಗೋಡೆಯ ಒಳಮೈಯನ್ನು ಒಂದೇ ಜೀವಕೋಶದಷ್ಟು ತೆಳುವಾದ ಪದರವು ಆವರಿಸಿದೆ. ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡನ್ನು ಉತ್ಪಾದಿಸುವುದೂ, ರಕ್ತವು ವೃಥಾ ಹೆಪ್ಪುಗಟ್ಟದಂತೆ ಕಾಯುವುದೂ ಈ ಪದರದ ಕೆಲಸ. ಹೊಗೆಯ ದ್ರವ್ಯಗಳು ಇದನ್ನು ಗಾಯಗೊಳಿಸುತ್ತವೆ. ರಕ್ತದ ಕಿರುಬಿಲ್ಲೆಗಳು ಅಂಟಂಟಾಗುತ್ತವೆ. ಗಾಯಗೊಂಡಲ್ಲಿ ಕೊಬ್ಬು ಸೇರಿ ಹೂಳು ಬೆಳೆಯುತ್ತದೆ. ಕೊಳವೆಯಲ್ಲಿ ದ್ರವದ ಹರಿವನ್ನು ಕುರಿತು 19ನೆಯ ಶತಮಾನದಲ್ಲಿ ಫ್ರಾನ್ಸಿನ ಪ್ವಾಸೇಯ್ ಎಂಬ ವೈದ್ಯನು ಕಂಡುಹಿಡಿದ ನಿಯಮದಂತೆ, ಕೊಳವೆಯ ವ್ಯಾಸ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಾಗುತ್ತದೆ. ವ್ಯಾಸದಲ್ಲಿ ಕಾಲು ಭಾಗ ಕಳೆದರೂ ಹರಿವು ಮೂರರಲ್ಲಿ ಒಂದಕ್ಕಿಂತ ಕಡಿಮೆ. ಜೀವಂತ ನಾಳವು ಗಾಜಿನ ಕೊಳವೆಯಷ್ಟು ಕಟ್ಟುನಿಟ್ಟಾಗಿ ವರ್ತಿಸುವುದಿಲ್ಲ, ನಿಜ. ಆದರೂ ಅಲ್ಪ ಹೂಳು ದೊಡ್ಡ ಬರವನ್ನು ತರಬಲ್ಲುದೆಂಬುದು ಇದರಿಂದ ಸ್ಪಷ್ಟ.

ಹೃದಯಾಘಾತದ ಮಾತನ್ನು ಪಟ್ಟಣದ ಶ್ರೋತೃಗಳು ಸಾಕಷ್ಟು ಕೇಳಿದ್ದೀರಿ. ನಾನು ಹೇಳಬೇಕೆಂದಿರುವುದು ನಮ್ಮ ಹಳ್ಳಿಗಳಲ್ಲಿ ಬೀಡಿ ಸೇದುವವರನ್ನು ಕಾಡುವ ಇನ್ನೊಂದು ವ್ಯಾಧಿಯ ವಿಷಯ. ಹಮ್ಮಿಗಿಯ ಕಡೆಯ ಒಬ್ಬ ಕೂಲಿಕಾರನನ್ನು ಊಹಿಸಿಕೊಳ್ಳಿ. ವಯಸ್ಸು ಮೂವತ್ತೈದು, ದಿನಕ್ಕೆರಡು ಕಟ್ಟು ಬೀಡಿ. ಮೊದಮೊದಲು ಹೊಲಕ್ಕೆ ನಡೆಯುವಾಗ ಮೀನಖಂಡದಲ್ಲಿಯೋ ಅಂಗಾಲಿನಲ್ಲಿಯೋ ನೋವು. ಬದುವಿನ ಮೇಲೆ ಸ್ವಲ್ಪ ಕುಳಿತರೆ ಮಾಯ. ದಣಿವೆಂದು ಎಣ್ಣೆ ತಿಕ್ಕಿಕೊಳ್ಳುತ್ತಾನೆ. ಕೆಲವು ತಿಂಗಳ ಮೇಲೆ ರಾತ್ರಿಯೂ ಕಾಲು ಸೆಳೆಯತೊಡಗುತ್ತದೆ. ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಮಾತ್ರ ಒಂದಿಷ್ಟು ಸುಖ. ನೋವು ಮರೆಯಲೆಂದು ಮತ್ತೊಂದು ಬೀಡಿ. ಕಡೆಗೊಂದು ದಿನ ಮುಳ್ಳು ಚುಚ್ಚಿದ ಹೆಬ್ಬೆರಳು ಮಾಯುವುದಿಲ್ಲ, ಕಪ್ಪಾಗುತ್ತದೆ. ಹುಬ್ಬಳ್ಳಿಗೋ ಗದಗಿಗೋ ಹೋಗುವ ಹೊತ್ತಿಗೆ ಬೆರಳು ಸತ್ತಿರುತ್ತದೆ.

ಇದಕ್ಕೆ ಬರ್ಗರ್ ರೋಗವೆಂದು ಹೆಸರು. 1879ರಲ್ಲಿ ಫಾನ್ ವಿನಿವಾರ್ಟರ್ ಎಂಬ ಶಸ್ತ್ರವೈದ್ಯನು ಇದನ್ನು ಮೊದಲು ವರ್ಣಿಸಿದನು. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ಎಂಬಾತನು ಕತ್ತರಿಸಿ ತೆಗೆದ ಅಂಗಗಳ ನಾಳಗಳನ್ನು ಪರೀಕ್ಷಿಸಿ, ಉರಿಯೂತದಿಂದ ಅವು ಹೆಪ್ಪುಗಟ್ಟಿ ಮುಚ್ಚಿಹೋಗಿರುವುದನ್ನು ವಿಶದಪಡಿಸಿದನು. ಮುದುಕರಲ್ಲಿ ಬರುವ ಕೊಬ್ಬಿನ ಹೂಳಲ್ಲ ಇದು. ದುಡಿಯುವ ವಯಸ್ಸಿನ ಗಂಡಸರಲ್ಲಿ ಹೆಚ್ಚು. ಹೊಗೆಸೊಪ್ಪಿನ ಸಹವಾಸವಿಲ್ಲದವರಲ್ಲಿ ಇದು ಕಾಣಿಸುವುದೇ ಅಪರೂಪ. ಭಾರತದಲ್ಲಿ ಪಾಶ್ಚಾತ್ಯ ದೇಶಗಳಿಗಿಂತ ಅಧಿಕವಾಗಿ ಕಾಣುತ್ತದೆ. ಇದನ್ನು ಬೇರುಸಹಿತ ಕೀಳುವ ಔಷಧವು ಇಂದಿಗೂ ಇಲ್ಲ. ಆದರೆ ಒಂದು ಉಪಾಯವಿದೆ. 1990ರಲ್ಲಿ ಅಮೆರಿಕದ ವೈದ್ಯರು ನೂರಕ್ಕೂ ಮಿಕ್ಕ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಧೂಮಪಾನವನ್ನು ಪೂರ್ಣವಾಗಿ ಬಿಟ್ಟವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಅಂಗಚ್ಛೇದದಿಂದ ಪಾರಾದರು. ಬಿಡದವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಬೆರಳನ್ನೋ ಕಾಲನ್ನೋ ಕಳೆದುಕೊಂಡರು. ದಿನಕ್ಕೆ ಒಂದೆರಡು ಸೇದಿದರೂ ರೋಗ ಕೆರಳುತ್ತದೆ. ಇಲ್ಲಿ ರಾಜಿಯ ಮಾತಿಲ್ಲ.

ಬೀಡಿ ಸಣ್ಣದು, ಎಲೆಯಲ್ಲಿ ಸುತ್ತಿದ್ದು, ಆದ್ದರಿಂದ ಸಿಗರೇಟಿಗಿಂತ ಸೌಮ್ಯವೆಂಬ ನಂಬಿಕೆ ಓದಿದವರಲ್ಲಿಯೂ ಉಂಟು. ಬೀಡಿಯಲ್ಲಿ ಹೊಗೆಸೊಪ್ಪು ಕಡಿಮೆ ಎಂಬುದೇನೋ ದಿಟ. ಆದರೆ ಅದರ ಎಲೆಯಲ್ಲಿ ಕಾಗದದಷ್ಟು ಗಾಳಿಯಾಡುವುದಿಲ್ಲ. ಆರಿಹೋಗದಿರಲೆಂದು ಪದೇ ಪದೇ ಬಲವಾಗಿ ಎಳೆಯಬೇಕು. ಹೀಗಾಗಿ ಒಂದು ಬೀಡಿಯಿಂದ ಒಳಸೇರುವ ನಿಕೋಟಿನ್, ಡಾಂಬರು, ವಿಷವಾಯು ಸಿಗರೇಟಿನದಕ್ಕೆ ಸಮ, ಅನೇಕ ವೇಳೆ ಮಿಗಿಲು.

ಶ್ವಾಸಕೋಶದ ಕಡೆಗೆ ಬರೋಣ. ನಮ್ಮ ಆಡುನುಡಿಯಲ್ಲಿ ಬೀಡಿಯನ್ನು ಒಮ್ಮೆ ಎಳೆಯುವುದಕ್ಕೂ ‘ದಮ್ಮು’, ಉಸಿರು ಕಟ್ಟುವ ವ್ಯಾಧಿಗೂ ‘ದಮ್ಮು’. ಒಂದೇ ಶಬ್ದದಲ್ಲಿ ಕಾರಣವನ್ನೂ ಕಾರ್ಯವನ್ನೂ ಇಟ್ಟ ಜನರ ಜಾಣ್ಮೆಗೆ ನಾನು ಅನೇಕ ಸಲ ಬೆರಗಾಗಿದ್ದೇನೆ. ಶ್ವಾಸನಾಳದ ಒಳಮೈಯಲ್ಲಿ ಕಣ್ಣಿಗೆ ಕಾಣದ ರೋಮಗಳು ಎಡೆಬಿಡದೆ ಬೀಸುತ್ತ ಧೂಳನ್ನೂ ಕಫವನ್ನೂ ಮೇಲಕ್ಕೆ ಗುಡಿಸುತ್ತಿರುತ್ತವೆ. ಹೊಗೆ ಇವನ್ನು ಜಡಗೊಳಿಸುತ್ತದೆ. ಗುಡಿಸುವವರು ಮಲಗಿದರೆ ಕಸ ಉಳಿಯುವುದು ಸಹಜ. ಸೇದುವವನ ಬೆಳಗಿನ ಕೆಮ್ಮು ಆ ಕಸವನ್ನು ಹೊರಹಾಕುವ ಕಷ್ಟದ ಕೆಲಸ. ಅದಕ್ಕೂ ಕೆಳಗೆ ಕೋಟಿಗಟ್ಟಲೆ ಗಾಳಿಗೂಡುಗಳಿವೆ. ಅವುಗಳ ಗೋಡೆಗಳು ಹೊಗೆಯ ಉರಿಯಿಂದ ಕರಗಿ, ನೂರು ಸಣ್ಣ ಕೋಣೆಗಳಿದ್ದಲ್ಲಿ ಹತ್ತು ದೊಡ್ಡ ಪೊಟರೆಗಳಾಗುತ್ತವೆ. ರಕ್ತವು ಗಾಳಿಯನ್ನು ಸಂಧಿಸುವ ಜಾಗವೇ ಇಲ್ಲವಾಗುತ್ತದೆ. ಹಾಳಾದ ಗೋಡೆ ಮತ್ತೆ ಎದ್ದುನಿಲ್ಲುವುದಿಲ್ಲ. ಸೇದುವುದನ್ನು ಬಿಟ್ಟರೆ ಮುಂದಿನ ಕುಸಿತ ಮಂದಗತಿಗಿಳಿಯುತ್ತದೆ, ಅಷ್ಟೆ. ಆದರೆ ಆ ‘ಅಷ್ಟೆ’ ಎಂಬುದು ಕೋಲಿನ ಆಸರೆಯಿಲ್ಲದೆ ಮೆಟ್ಟಲು ಹತ್ತುವ ಮುಪ್ಪಿಗೂ, ಹಾಸಿಗೆಯಲ್ಲಿ ಕುಳಿತೇ ಏದುವ ಮುಪ್ಪಿಗೂ ಇರುವ ಅಂತರ. ಅರ್ಬುದ ರೋಗದ ವಿಷಯವನ್ನು ಇಲ್ಲಿ ವಿಸ್ತರಿಸುವುದಿಲ್ಲ. 1950ರಲ್ಲಿ ಡಾಲ್ ಮತ್ತು ಬ್ರ್ಯಾಡ್‌ಫರ್ಡ್ ಹಿಲ್ ಎಂಬಿಬ್ಬರು ಆಂಗ್ಲ ವಿದ್ವಾಂಸರು ತೋರಿಸಿದ ಸಂಬಂಧವು ಈಗ ನಿರ್ವಿವಾದ.

ಈ ಚಟ ನಮಗೆ ಬಂದುದಾದರೂ ಎಲ್ಲಿಂದ? ಪೋರ್ಚುಗೀಸರ ಹಡಗುಗಳಿಂದ ದಕ್ಷಿಣಕ್ಕೆ ಬಂದಿತು. ಉತ್ತರದ ಮೊಗಲ್ ಆಸ್ಥಾನಕ್ಕೆ ಅದನ್ನು ಒಯ್ದ ಕೀರ್ತಿ ನಮ್ಮ ವಿಜಾಪುರದ ಪೇಟೆಗೆ ಸೇರಬೇಕು! 17ನೆಯ ಶತಮಾನದ ಆರಂಭದಲ್ಲಿ ಆದಿಲ್‌ಶಾಹಿ ಆಸ್ಥಾನಕ್ಕೆ ರಾಯಭಾರಿಯಾಗಿ ಬಂದಿದ್ದ ಅಸದ್ ಬೇಗನು ಅಲ್ಲಿ ಹೊಗೆಸೊಪ್ಪನ್ನು ಕಂಡು, ಚಿಲುಮೆಯೊಡನೆ ಅಕ್ಬರನಿಗೆ ಅರ್ಪಿಸಿದನು. ಚಕ್ರವರ್ತಿ ಒಂದೆರಡು ಸಲ ಎಳೆದುದನ್ನು ಕಂಡು ಆಸ್ಥಾನವೈದ್ಯನು ತಡೆದನು. ಅಕ್ಬರನು ಅಭ್ಯಾಸ ಮಾಡಿಕೊಳ್ಳಲಿಲ್ಲ; ಸರದಾರರು ಮಾಡಿಕೊಂಡರು. 1617ರಲ್ಲಿ ಜಹಾಂಗೀರನು ನಿಷೇಧಿಸಿದರೂ ಫಲವಾಗಲಿಲ್ಲ. ನಾಲ್ಕು ನೂರು ವರ್ಷಗಳ ತರುವಾಯ, 2016-17ರ ಗಣತಿಯಂತೆ, ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 8.8 ಮಂದಿ ಸೇದುವವರು, ಜಗಿಯುವವರು 16.3 ಮಂದಿ.

‘ನಾನು ದಿನಕ್ಕೆ ಒಂದೇ ಸೇದುವೆನು’ ಎನ್ನುವ ಮಿತ್ರರು ತಮ್ಮಲ್ಲಿ ಇದ್ದಾರು. 2018ರಲ್ಲಿ ಪ್ರಕಟವಾದ ಒಂದು ವ್ಯಾಪಕ ಪರಾಮರ್ಶೆಯ ಪ್ರಕಾರ, ಇಪ್ಪತ್ತು ಸಿಗರೇಟುಗಳಿಂದ ಹೃದ್ರೋಗದ ಅಪಾಯ ಎಷ್ಟು ಹೆಚ್ಚುವುದೋ ಅದರ ಅರ್ಧದಷ್ಟು ಒಂದರಿಂದಲೇ ಹೆಚ್ಚುತ್ತದೆ. ಶ್ವಾಸಕೋಶವು ಲೆಕ್ಕವಿಟ್ಟು ದಂಡ ಹಾಕುತ್ತದೆ. ರಕ್ತನಾಳಕ್ಕೆ ಲೆಕ್ಕದ ಗೋಜಿಲ್ಲ.

ಹಾಗೆಂದು ತಡವಾಯಿತೆಂದು ಕೈಚೆಲ್ಲಬೇಕಾಗಿಲ್ಲ. ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಗಮನಿಸಿದ ಡಾಲ್ ಮತ್ತು ಅವರ ಸಂಗಡಿಗರು, ಬಿಡದೆ ಸೇದಿದವರು ಸರಾಸರಿ ಹತ್ತು ವರ್ಷ ಮೊದಲೇ ತೀರಿಕೊಂಡರೆಂದು 2004ರಲ್ಲಿ ತಿಳಿಸಿದರು. ಮೂವತ್ತರಲ್ಲಿ ಬಿಟ್ಟವರಿಗೆ ಆ ಹತ್ತೂ ಮರಳಿದುವು. ನಲವತ್ತರಲ್ಲಿ ಬಿಟ್ಟವರಿಗೆ ಒಂಬತ್ತು, ಐವತ್ತರಲ್ಲಿ ಆರು, ಅರುವತ್ತರಲ್ಲಿ ಮೂರು. ವಿಷವಾಯುವಂತೂ ಒಂದೆರಡು ದಿನಗಳಲ್ಲಿಯೇ ರಕ್ತವನ್ನು ಬಿಟ್ಟುಹೋಗುತ್ತದೆ.

ಬಿಡುವವರು ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು. ಬಿಟ್ಟ ಹೊಸದರಲ್ಲಿ ಕೆಲವರಿಗೆ ಕೆಮ್ಮು ಕಡಿಮೆಯಾಗುವುದರ ಬದಲು ಹೆಚ್ಚುತ್ತದೆ. ‘ಬೀಡಿ ಇದ್ದಾಗಲೇ ಎದೆ ಹಗುರವಾಗಿತ್ತು’ ಎಂದು ಎಷ್ಟೋ ಮಂದಿ ಹಿಂದಿರುಗುವುದು ಈ ಘಟ್ಟದಲ್ಲಿಯೇ. ಜಡವಾಗಿದ್ದ ರೋಮಗಳು ಎಚ್ಚತ್ತು ಹಳೆಯ ಕಸವನ್ನು ಗುಡಿಸಲು ತೊಡಗಿರುವುದೇ ಇದಕ್ಕೆ ಕಾರಣ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ, ಅಥವಾ ಕಫದಲ್ಲಿ ರಕ್ತ ಕಂಡರೆ, ವೈದ್ಯರಿಗೆ ತೋರಿಸತಕ್ಕದ್ದು.