ನಾಲ್ಕೂವರೆ ಬೆಲ್ಲಿನ ನಂತರದ ಶಾಲೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನ ತೋಟವಿಲ್ಲದ ಊರು ಸಿಗುವುದು ಕಷ್ಟ. ಸರ್ಕಾರಿ ಶಾಲೆ ಕಾಣದ ಊರೂ ಅಷ್ಟೇ ಅಪರೂಪ. ಬಹುಪಾಲು ಹಳ್ಳಿಗಳಲ್ಲಿ ಎಲ್ಲರಿಗೂ ಸೇರಿದ ದೊಡ್ಡ ಕಟ್ಟಡವೆಂದರೆ ಅದೊಂದೇ. ಮತಗಟ್ಟೆ ಅಲ್ಲೇ, ಪೋಲಿಯೊ ಹನಿ ಹಾಕುವುದು ಅಲ್ಲೇ, ಮಳೆ ಬಂದರೆ ಗ್ರಾಮಸಭೆ ಸರಿದುಕೊಳ್ಳುವುದೂ ಅದರ ಜಗಲಿಗೇ. ಆದರೆ ಸಂಜೆ ನಾಲ್ಕೂವರೆಗೆ ಬೆಲ್ ಹೊಡೆದ ಮೇಲೆ ಬೀಗ ಬೀಳುತ್ತದೆ. ತೋಟದಿಂದ ಮನೆಗೆ ಬಂದವರಿಗೆ ಸ್ವಲ್ಪ ಬಿಡುವು ಸಿಗುವ ಹೊತ್ತಿಗೆ ಊರಿನ ಕಲಿಕೆಯ ಮನೆ ಕತ್ತಲಾಗಿರುತ್ತದೆ.

ಇದರ ಹಿಂದಿರುವುದು ಯಾರದೋ ಉದಾಸೀನವಲ್ಲ, ದುಡ್ಡಿನ ಲೆಕ್ಕ. ಮಕ್ಕಳ ಓದಿಗೆ ಬರುವ ಹಣ ಒಂದು ಖಾತೆಯದು, ದೊಡ್ಡವರ ಓದಿನದು ಇನ್ನೊಂದರದು, ಪುಸ್ತಕದ್ದು ಮತ್ತೊಂದರದು. ಮೂರೂ ಒಂದೇ ಊರಿಗೆ ಬಂದರೂ ಒಂದೇ ಸೂರಿನಡಿ ಕೂಡುವುದಿಲ್ಲ. ಕೂಡಿಸಬೇಕೆಂಬ ಹಂಬಲಕ್ಕೆ ಮಾತ್ರ ಈ ನಾಡಿನಲ್ಲಿ ನೂರು ವರ್ಷಕ್ಕೂ ಮೀರಿದ ವಯಸ್ಸು.

ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗಲೇ ಸಂಸ್ಥಾನದಲ್ಲಿ ರಾತ್ರಿಶಾಲೆಗಳು ನಡೆದವು, ಪುಸ್ತಕಗಳು ಊರಿಂದೂರಿಗೆ ಸಂಚಾರ ಹೊರಟವು. ಅವರು ಅಧಿಕಾರ ಬಿಟ್ಟ ಮೇಲೆ ಆ ಉತ್ಸಾಹವೂ ಇಳಿಯಿತು. ಮುಂದೆ ಮತ್ತೆ ಮತ್ತೆ ಕಾಣುವ ಹಾದಿ ಇದೇ: ಒಬ್ಬ ದೊಡ್ಡ ಮನುಷ್ಯನೋ ಒಂದು ದೊಡ್ಡ ಯೋಜನೆಯೋ ಬಂದಾಗ ದೀಪ ಹೊತ್ತುತ್ತದೆ, ಹೋದಾಗ ಆರುತ್ತದೆ.

1940ರ ದಶಕದಲ್ಲಿ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ಈ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡಿತು. ಹೊಸದಾಗಿ ಅಕ್ಷರ ಕಲಿತವರಿಗಾಗಿ ‘ಬೆಳಕು’ ವಾರಪತ್ರಿಕೆ, ‘ಪುಸ್ತಕ ಪ್ರಪಂಚ’ ಮಾಸಿಕ ಹೊರಡಿಸಿತು. 1947ರಲ್ಲಿ ನಂಜನಗೂಡಿನಲ್ಲಿ ಅದು ತೆರೆದ ವಿದ್ಯಾಪೀಠಕ್ಕೆ ಮಾದರಿ ದೂರದ ಡೆನ್ಮಾರ್ಕ್. ರೈತಮಕ್ಕಳು ಪರೀಕ್ಷೆಯ ಗೊಡವೆಯಿಲ್ಲದೆ ಒಟ್ಟಿಗೆ ಇದ್ದು ಕಲಿಯಲೆಂದು ಅಲ್ಲಿ ಗ್ರುಂಡ್ಟ್‌ವಿಗ್ ಎಂಬ ಪಾದ್ರಿಯ ವಿಚಾರದಿಂದ ಹುಟ್ಟಿದ ಜನತಾ ಶಾಲೆಗಳಿದ್ದವು. ಇಂಗ್ಲೆಂಡಿನ ಕೇಂಬ್ರಿಜ್‌ಶೈರಿನಲ್ಲಿ ಹೆನ್ರಿ ಮೋರಿಸ್ ಎಂಬ ಶಿಕ್ಷಣಾಧಿಕಾರಿ 1930ರಲ್ಲೇ ಸಾಸ್ಟನ್ ಎಂಬ ಹಳ್ಳಿಯಲ್ಲಿ ಇನ್ನೊಂದು ಬಗೆಯ ಪ್ರಯೋಗ ಮಾಡಿದ್ದರು. ಒಂದೇ ಆವರಣ, ಹಗಲು ಮಕ್ಕಳಿಗೆ, ಸಂಜೆ ಊರಿನವರಿಗೆ. ಅದಕ್ಕೆ ಹಣ ಹೊಂದಿಸಲು ಅವರು ಸುತ್ತಬೇಕಾದ ಬಾಗಿಲು ಒಂದೆರಡಲ್ಲ, ಆದರೆ ಕಟ್ಟಡ ಎದ್ದು ನಿಂತ ಮೇಲೆ ಅದು ಸ್ಥಳೀಯ ಆಡಳಿತದ ಹೊಣೆಯಾಯಿತು.

ಸ್ವಾತಂತ್ರ್ಯದ ನಂತರ ನಮ್ಮಲ್ಲೂ ಈ ಮಾತು ನಿಲ್ಲಲಿಲ್ಲ. ಶಾಲೆ ಸಮುದಾಯದ ಬದುಕಿನ ಕೇಂದ್ರವಾಗಬೇಕೆಂದು 1964–66ರ ಕೊಠಾರಿ ಆಯೋಗ ಹೇಳಿತು. ಅದೇ ಹೊತ್ತಿಗೆ, ಅಂದರೆ 1965ರಲ್ಲಿ, ಮೈಸೂರು ರಾಜ್ಯ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ತಂದು, ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಎತ್ತುವುದನ್ನು ಕಾನೂನು ಮಾಡಿತು. ಆಯೋಗದ ಮಾತು ವರದಿಯಲ್ಲಿ ಉಳಿಯಿತು, ಕಾಯ್ದೆಯ ಕರ ಇಂದಿಗೂ ವಸೂಲಾಗುತ್ತಿದೆ. ಆರು ದಶಕದ ಈ ಕಥೆಯಲ್ಲಿ ಮರೆಯಬಾರದ ಸಂಗತಿ ಇದು.

ದೊಡ್ಡವರ ಓದಿನ ಹಣಕ್ಕೆ ಅಂಥ ಆಯುಸ್ಸು ಸಿಗಲಿಲ್ಲ. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಶುರುವಾದಾಗ ಒಂದು ಕೇಂದ್ರಕ್ಕೆ ಮೂವತ್ತು ಮಂದಿ, ಕಲಿಸುವವರಿಗೆ ತಿಂಗಳಿಗೆ 50 ರೂಪಾಯಿ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್, ಅದರ ಬೆನ್ನಿಗೇ ಜಿಲ್ಲೆ ಜಿಲ್ಲೆಯಲ್ಲಿ ಆಂದೋಲನ, ಜಾಥಾ, ಬೀದಿ ನಾಟಕ. 2009ರಲ್ಲಿ ಸಾಕ್ಷರ ಭಾರತ ಬಂತು: ಯೋಜನೆಗೆ ಸೇರಿದ ಜಿಲ್ಲೆಗಳಲ್ಲಿ ಪಂಚಾಯಿತಿಗೊಂದು ಲೋಕ ಶಿಕ್ಷಣ ಕೇಂದ್ರ, ಇಬ್ಬರು ಪ್ರೇರಕರು, ತಿಂಗಳಿಗೆ ತಲಾ 2,000 ರೂಪಾಯಿ ಗೌರವಧನ. 2018ರ ಮಾರ್ಚ್ 31ಕ್ಕೆ ಅದೂ ಮುಗಿಯಿತು. ಪ್ರೇರಕರ ಕೆಲಸ ಹೋಯಿತು, ಅವರನ್ನು ನಂಬಿ ಸ್ಲೇಟು ಹಿಡಿದಿದ್ದವರು ಅರ್ಧ ದಾರಿಯಲ್ಲಿ ನಿಂತರು. 2011ರ ಜನಗಣತಿಯಲ್ಲಿ ತುಮಕೂರು ಜಿಲ್ಲೆಯ ಸಾಕ್ಷರತೆ ಶೇ 75ರಷ್ಟಿತ್ತು, ಹೆಣ್ಣುಮಕ್ಕಳದು ಶೇ 67ರಷ್ಟು. ಅಂದರೆ ಜಿಲ್ಲೆಯ ಮೂವರು ಹೆಣ್ಣುಮಕ್ಕಳಲ್ಲಿ ಹತ್ತಿರಹತ್ತಿರ ಒಬ್ಬರಿಗೆ ಓದು ಬರಹ ಬರುತ್ತಿರಲಿಲ್ಲ.

ಶಾಲೆಯ ಕಡೆಯಿಂದ ಊರಿಗೆ ಬಾಗಿಲು ತೆರೆದದ್ದು 2001ರಲ್ಲಿ. ವಿಜ್ಞಾನಿ ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ ರಾಜ್ಯ ಸರ್ಕಾರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತು. ಹಳ್ಳಿಯ ಬಾಯಲ್ಲಿ ಅದು ಎಸ್‌ಡಿಎಂಸಿ. ತಂದೆತಾಯಂದಿರು ಶಾಲೆಯ ಲೆಕ್ಕ ಕೇಳುವ ಹಕ್ಕು ಪಡೆದರು. ಆದರೆ ಕೇಳಲು ಲೆಕ್ಕವೇ ಸಣ್ಣದು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಮೂವತ್ತು ಮಕ್ಕಳೊಳಗಿನ ಶಾಲೆಗೆ ವರ್ಷಕ್ಕೆ ಸಿಗುವ ಅನುದಾನ 10,000 ರೂಪಾಯಿ, ನೂರರೊಳಗಿನದಕ್ಕೆ 25,000. ಸೀಮೆಸುಣ್ಣ, ಪೊರಕೆ, ಒಡೆದ ನಲ್ಲಿ, ಶೌಚಾಲಯದ ಫಿನಾಯಿಲ್ ಎಲ್ಲವೂ ಅದರಲ್ಲೇ. ಸಂಜೆ ಊರಿನವರಿಗೆ ಬಾಗಿಲು ತೆರೆಯಿರಿ ಎಂದು ಹೆಡ್‌ಮಾಸ್ಟರಿಗೆ ಹೇಳುವ ಮೊದಲು ಈ ಅಂಕಿ ನೆನಪಿರಬೇಕು.

ಈ ಸೀಮೆಯ ದೊಡ್ಡವರು ಸಂಜೆ ಕಲಿಯಬೇಕಾದದ್ದೇನು? ‘ಅ ಆ ಇ ಈ’ ಮಾತ್ರ ಅಲ್ಲ. ಇಲ್ಲಿನ ಉಂಡೆ ಕೊಬ್ಬರಿ ಒಂದು ದಿನದ ಫಸಲಲ್ಲ. ಕಾಯಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕೂತು ಒಳಗೇ ಒಣಗಬೇಕು. ಒಂದು ವರ್ಷದ ದುಡಿಮೆ ಹೀಗೆ ತಲೆಯ ಮೇಲೆ ಕಾದಿರುವಾಗ ತಿಪಟೂರು ಮಾರುಕಟ್ಟೆಯ ದರ ಏರಿತೋ ಇಳಿಯಿತೋ ಎಂಬುದು ಮನೆಯ ಮದುವೆಯನ್ನೇ ಮುಂದೂಡಬಲ್ಲದು. 2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಕೆಳಗೆ ಕುಸಿದಿತ್ತು. ಬೆಂಬಲ ಬೆಲೆಯ ನಾಫೆಡ್ ಖರೀದಿಗೆ ಹೆಸರು ನೋಂದಾಯಿಸಲು ರೈತರು ಸರದಿಯಲ್ಲಿ ನಿಂತರು. ರೈತರ ನೋಂದಣಿಯ ಫ್ರೂಟ್ಸ್ ಐಡಿ, ಆಧಾರ್, ಪಹಣಿ, ಬ್ಯಾಂಕ್ ಖಾತೆ ಎಲ್ಲ ತಾಳೆಯಾಗಬೇಕು, ಬೆರಳಚ್ಚು ಹೊಂದಬೇಕು. ಓದಲು ಬರುವವನೇ ತಡವರಿಸುವ ಕಡೆ ಓದು ಬಾರದ ರೈತ ಮಹಿಳೆ ಇನ್ನೊಬ್ಬರ ಕೈಗೆ ಫೋನು ಕೊಟ್ಟು ನಿಲ್ಲಬೇಕಾಗುತ್ತದೆ. ಕಪ್ಪುತಲೆ ಹುಳು, ಬಿಳಿನೊಣ, ಕಾಂಡ ಸೋರುವ ರೋಗಗಳ ಬಗ್ಗೆ ಹೇಳಲು ತಿಪಟೂರಿನ ಪಕ್ಕದ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೇನೋ ಇದೆ. ಹುಳಿಯಾರು, ಮಾಯಸಂದ್ರದ ಕಡೆಯವರು ಅಷ್ಟು ದೂರ ಬರುವುದಕ್ಕಿಂತ ತಿಂಗಳಿಗೊಂದು ಸಂಜೆ ಆ ತಿಳಿವಳಿಕೆ ಊರಿನ ಶಾಲೆಗೇ ಬರುವುದು ಸುಲಭ.

ಹೊಸ ನೀತಿ ಕಾಗದದಲ್ಲಿ ಇದನ್ನೇ ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಶಾಲೆಯ ಕಟ್ಟಡ ಬಿಡುವಿನ ವೇಳೆಯಲ್ಲಿ ‘ಸಾಮಾಜಿಕ ಚೇತನಾ ಕೇಂದ್ರ’ವಾಗಬಹುದು, ಶಾಲೆ ಬಿಟ್ಟ ಮೇಲೆ ಮತ್ತು ವಾರಾಂತ್ಯಗಳಲ್ಲಿ ವಯಸ್ಕರ ತರಗತಿಗೆ ಬಳಕೆಯಾಗಬಹುದು. 2022ರಿಂದ 2027ರವರೆಗಿನ ನವಭಾರತ ಸಾಕ್ಷರತಾ ಕಾರ್ಯಕ್ರಮಕ್ಕೆ, ಅಂದರೆ ಈಗಿನ ‘ಉಲ್ಲಾಸ್’ಗೆ, ಶಾಲೆಯೇ ಘಟಕ. ಇಡೀ ದೇಶಕ್ಕೆ ಐದು ವರ್ಷಕ್ಕೆ 1,037.90 ಕೋಟಿ ರೂಪಾಯಿ. ಕಲಿಸುವವರು ಸ್ವಯಂಸೇವಕರು, ಅವರಿಗೆ ಗೌರವಧನವಿಲ್ಲ. 1978ರಲ್ಲಿ ಕನಿಷ್ಠ 50 ರೂಪಾಯಿಯಾದರೂ ಇತ್ತು. ಸೇವೆಯನ್ನು ಗೌರವಿಸೋಣ, ಆದರೆ ಪ್ರತಿ ಸಂಜೆ ಬಾಗಿಲು ತೆಗೆದು ಕಸ ಗುಡಿಸಿ ಹತ್ತು ಜನರನ್ನು ಕೂರಿಸುವ ಕೆಲಸ ಸೇವೆಯ ಬಲದಿಂದಲೇ ವರ್ಷಗಟ್ಟಲೆ ನಡೆಯದು.

ಇದಕ್ಕಿಂತ ಗಟ್ಟಿ ನೆಲದ ಮೇಲೆ ನಿಂತದ್ದು ಗ್ರಂಥಾಲಯ. 2019ರಲ್ಲಿ ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ಕೋವಿಡ್ ಶಾಲೆ ಮುಚ್ಚಿಸಿತು. ಸರ್ಕಾರದ ‘ವಿದ್ಯಾಗಮ’ ಯೋಜನೆಯ ಮೇಷ್ಟ್ರುಗಳು ದೇವಸ್ಥಾನದ ಜಗಲಿ, ಅರಳಿಕಟ್ಟೆಗಳಲ್ಲಿ ಪಾಠ ಮಾಡಿದರು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಂಥಾಲಯದ ಸದಸ್ಯತ್ವ ಉಚಿತವಾಯಿತು. ಈಗ ಆ ಪಂಚಾಯಿತಿ ಗ್ರಂಥಾಲಯಗಳ ಹೆಸರು ‘ಅರಿವು ಕೇಂದ್ರ’. ಪುಸ್ತಕವಿದೆ, ಅನೇಕ ಕಡೆ ಕಂಪ್ಯೂಟರ್ ಇದೆ, ಮುಖ್ಯವಾಗಿ ಗೌರವಧನ ಪಡೆಯುವ ಮೇಲ್ವಿಚಾರಕರೊಬ್ಬರಿದ್ದಾರೆ.

ಮಕ್ಕಳ ಓದು, ದೊಡ್ಡವರ ಓದು, ಪುಸ್ತಕ ಈ ಮೂರರ ಮೇಲೆ ಪಂಚಾಯಿತಿಗೆ ಅಧಿಕಾರವಿಲ್ಲ ಎನ್ನುವಂತಿಲ್ಲ. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ 17ನೇ ವಿಷಯ, ವಯಸ್ಕರ ಶಿಕ್ಷಣ 19ನೆಯದು, ಗ್ರಂಥಾಲಯ 20ನೆಯದು. ಒಂದೇ ಪುಟದಲ್ಲಿ ಅಕ್ಕಪಕ್ಕ ಇರುವುದನ್ನು ಒಂದೇ ಕೋಣೆಯಲ್ಲಿ ಕೂಡಿಸಲು ಹೊಸ ಕಾನೂನು ಬೇಕಿಲ್ಲ. ಮಕ್ಕಳ ಸಂಖ್ಯೆ ಇಳಿದು ಖಾಲಿ ಬಿದ್ದ ಕೋಣೆಗಳು ಈ ಮೂರೂ ತಾಲ್ಲೂಕಿನಲ್ಲಿವೆ. ಸರ್ಕಾರಿ ಶಾಲೆಗೆ ಉಚಿತ ವಿದ್ಯುತ್ ಕೊಡುವುದಾಗಿ ರಾಜ್ಯ ಸರ್ಕಾರ ಪ್ರಕಟಿಸಿದ್ದರಿಂದ ದೀಪದ ಖರ್ಚಿನ ನೆಪವೂ ಹೋಯಿತು. ಉಳಿದದ್ದು ಸಂಜೆ ಎರಡು ಗಂಟೆ ಕೂರುವ ಮನುಷ್ಯನ ಸಂಬಳ. ಅದನ್ನು ಐದು ವರ್ಷದ ಯೋಜನೆಗೆ ಕಟ್ಟಿಹಾಕದೆ, ಪ್ರತಿ ವರ್ಷ ತಾನಾಗಿ ಬರುವ ಸ್ಥಳೀಯ ಆದಾಯಕ್ಕೆ ಜೋಡಿಸಬೇಕು, ಕೊರತೆ ಬಿದ್ದಷ್ಟನ್ನು ರಾಜ್ಯ ತುಂಬಬೇಕು.

ಆ ಆದಾಯದ ಒಂದು ತುಣುಕು ಓದುಗರ ಮನೆಯಲ್ಲೇ ಇದೆ. ಪಂಚಾಯಿತಿಗೆ ಮನೆಕಂದಾಯ ಕಟ್ಟಿದ ರಸೀದಿ ತೆಗೆದು ನೋಡಿ: ಗ್ರಂಥಾಲಯ ಕರವೆಂದು ಒಂದು ಸಾಲು ಇರುತ್ತದೆ. ತೆರಿಗೆಯ ಒಂದು ರೂಪಾಯಿಗೆ ಆರು ಪೈಸೆ, ಸಾವಿರ ರೂಪಾಯಿ ಕಟ್ಟಿದವರಿಗೆ ಅರವತ್ತು ರೂಪಾಯಿ. ಮುಂದಿನ ಗ್ರಾಮಸಭೆಗೆ ಆ ರಸೀದಿ ಹಿಡಿದು ಹೋಗಿ, ನಮ್ಮೂರಿನಿಂದ ಒಟ್ಟು ಎಷ್ಟು ಬಂತು, ಎಲ್ಲಿ ಖರ್ಚಾಯಿತು, ಅದರಲ್ಲಿ ಶಾಲೆಯ ಒಂದು ಕೋಣೆಯನ್ನು ಸಂಜೆ ತೆರೆದಿಡಲು ಎಷ್ಟು ಬೇಕು ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.